ಬಾತ್ ಊರಿನ ಬೀದಿಗೆ ಒಂದು ಗೌನು

— ಚಿಕ್ಕಮ್ಮ, ಈ ಸೆಪ್ಟೆಂಬರಿನ ಜೇನ್ ಆಸ್ಟೆನ್ ಉತ್ಸವಕ್ಕೆ ನಾನೂ ಬರ್ತೀನಿ. ಇಂಗ್ಲೆಂಡಿನ ಬಾತ್ ಊರಿನ ಬೀದಿಯಲ್ಲಿ ಎಲ್ಲರೂ ಇನ್ನೂರು ವರ್ಷದ ಹಿಂದಿನ ಉಡುಪಿನಲ್ಲಿ ಮೆರವಣಿಗೆ ಹೋಗ್ತಾರಲ್ಲ, ಅದರಲ್ಲಿ ನಡೀಬೇಕು ಅಂತ ಬಹಳ ಆಸೆ. ಗೌನು ಆನ್‌ಲೈನಿನಲ್ಲಿ ಸಿದ್ಧವಾಗೇ ಸಿಗುತ್ತೆ. ನೀವು ನೋಡಿದರೆ ಹೊಲಿದೇ ತೊಡಬೇಕು ಅಂತೀರಿ. ಯಾಕೆ?

— ಕೊಂಡು ತೊಟ್ಟರೆ ಯಾರೂ ಬೇಡ ಅನ್ನೋದಿಲ್ಲಮ್ಮ. ಉತ್ಸವ ಶುರುವಾದದ್ದು 2001ರಲ್ಲಿ. 2014ರಲ್ಲಿ 550 ಜನ ರೀಜೆನ್ಸಿ ಅನ್ನೋ ಆ ಕಾಲದ ಉಡುಪು ತೊಟ್ಟು ಒಂದೆಡೆ ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಬಾಡಿಗೆಗೆ ತಂದವರು, ಕೊಂಡವರು, ಹೊಲಿದವರು ಎಲ್ಲರಿಗೂ ಅಲ್ಲಿ ಜಾಗ ಇದೆ. ಆದರೆ ನಿನಗೆ ಆ ಕಾಲದ ಬಗ್ಗೆ ಓದೋ ಹುಚ್ಚು ಇದೆ ಅಂತ ನನಗೆ ಗೊತ್ತು. ಓದಿದರೆ ಅವರು ಏನು ಯೋಚಿಸಿದರು ಅಂತ ತಿಳಿಯುತ್ತೆ. ಹೊಲಿದರೆ ಅವರು ಹೇಗೆ ನಿಂತರು, ಹೇಗೆ ಕೂತರು, ಕೈ ಎಷ್ಟು ಎತ್ತೋಕೆ ಆಗ್ತಿತ್ತು, ಒಂದು ಬಟ್ಟೆಗೆ ಯಾರ್‍ಯಾರು ಎಷ್ಟೆಷ್ಟು ದುಡಿದರು ಅನ್ನೋದು ತಿಳಿಯುತ್ತೆ. ಆ ತಿಳಿವಳಿಕೆ ಸೂಜಿ ಹಿಡಿಯದೆ ಬರೋದಿಲ್ಲ.

— ಹಾಗಾದ್ರೆ ಇವತ್ತೇ ಶುರು ಮಾಡೋಣ. ಗೌನಿಗೆ ಎಷ್ಟು ಮೀಟರ್ ಬಟ್ಟೆ ತರಲಿ?

— ಗೌನು ಕೊನೆಗೆ. ಮೊದಲು ಶಿಫ್ಟ್ ಅನ್ನೋ ಒಳ ಅಂಗಿ. ಅದರ ಮೇಲೆ ಸ್ಟೇಸ್, ಅದರ ಮೇಲೆ ಒಳಲಂಗ. ಇಷ್ಟೂ ಆದಮೇಲೆ ಗೌನಿನ ಅಳತೆ. ಒಳಗಿನದು ಸರಿಯಾಗದೆ ಹೊರಗಿನದು ಕೂರೋದಿಲ್ಲ. ಬಹಳ ಜನ ಇಲ್ಲೇ ಅವಸರ ಮಾಡ್ತಾರೆ. ಇವತ್ತಿನ ಬ್ರಾ ಮೇಲೆ ಅಳತೆ ತಗೊಂಡು ಗೌನು ಹೊಲೀತಾರೆ. ಎದೆಯ ಗೆರೆ ಎರಡು ಮೂರು ಇಂಚು ಕೆಳಗೆ ಬಂದುಬಿಡುತ್ತೆ, ಗೌನು ನೈಟಿ ಥರ ಕಾಣುತ್ತೆ. ಬಟ್ಟೆ ಎಷ್ಟೇ ಬೆಲೆಯದಿರಲಿ, ಆ ಕಾಲದ ಆಕಾರ ಬರೋದಿಲ್ಲ.

— ಸ್ಟೇಸ್ ಅಂದರೆ ಕಾರ್ಸೆಟ್ ತಾನೆ? ಉಸಿರು ಕಟ್ಟೋ ಹಾಗೆ ಬಿಗಿಯೋದು?

— ನಿನ್ನ ಮನಸ್ಸಿನಲ್ಲಿರೋದು ವಿಕ್ಟೋರಿಯಾ ಕಾಲದ ಚಿತ್ರ. 1800ರಿಂದ 1815ರ ಸುಮಾರಿನಲ್ಲಿ ಗೌನಿನ ಸೊಂಟ ಎದೆಯ ಕೆಳಗೇ ಇತ್ತು. ನಿಜವಾದ ಸೊಂಟವನ್ನು ಯಾರೂ ನೋಡ್ತಾ ಇರಲಿಲ್ಲ, ಅದನ್ನು ಹಿಂಡಿ ಸಣ್ಣ ಮಾಡೋ ಅಗತ್ಯವೂ ಇರಲಿಲ್ಲ. ಸ್ಟೇಸ್‌ನ ಕೆಲಸ ಎದೆಯನ್ನು ಎತ್ತಿ ಹಿಡಿಯೋದು. ಎದೆಯ ಹತ್ತಿರ ತ್ರಿಕೋನದ ತುಂಡುಗಳನ್ನು ಸೇರಿಸಿ ಜಾಗ ಮಾಡ್ತಾರೆ. ನಡುವೆ ಬಸ್ಕ್ ಅನ್ನೋ ಮರದ ಪಟ್ಟಿ ತೂರಿಸ್ತಾರೆ. ಅದನ್ನು ತೊಟ್ಟು ಕೂತರೆ ಬೆನ್ನು ಬಗ್ಗಿಸೋಕೆ ಆಗೋದಿಲ್ಲ. ನೆಲದ ಮೇಲಿನ ಪದಾರ್ಥ ಎತ್ತಬೇಕಾದರೆ ಮಂಡಿ ಮಡಿಸಿ ಇಳೀಬೇಕು. ಆ ಕಾಲದ ಚಿತ್ರಗಳಲ್ಲಿ ಹೆಂಗಸರು ಅಷ್ಟು ನೆಟ್ಟಗೆ ಕೂತಿರೋದಕ್ಕೆ ಒಂದು ಕಾರಣ ಆ ಮರದ ಪಟ್ಟಿ.

— ಶಿಫ್ಟ್ ಹೊಲಿಯೋದು ಸುಲಭವಾ?

— ಸುಲಭ, ಮತ್ತೆ ಬಹಳ ಜಾಣತನದ್ದು. ಲಿನನ್ ಬಟ್ಟೆ, ಎಲ್ಲಾ ಚೌಕ, ಆಯತ, ತ್ರಿಕೋನ. ಮೈಗೆ ಒಂದು ಉದ್ದನೆ ತುಂಡು, ತೋಳಿಗೆ ಎರಡು, ಕೆಳಗೆ ಅಗಲ ಬರೋಕೆ ಪಕ್ಕದಲ್ಲಿ ತ್ರಿಕೋನ, ಕಂಕುಳಿಗೆ ಚಿಕ್ಕ ಚೌಕ. ಕತ್ತರಿಸಿದ ಮೇಲೆ ಬಟ್ಟೆಯ ಚೂರು ಉಳಿಯೋದೇ ಇಲ್ಲ ಅನ್ನಬಹುದು. ನಿಮ್ಮ ತಾತನ ಹಳೆ ಜುಬ್ಬಾದ ಕಂಕುಳನ್ನು ತಿರುಗಿಸಿ ನೋಡು, ಅಲ್ಲೂ ಅದೇ ಚೌಕ ಇರುತ್ತೆ. ಕೈ ಎತ್ತಿದಾಗ ಬಟ್ಟೆ ಹರಿಯಬಾರದು ಅಂತ ಹೊಲಿಯೋರು ಕಂಡುಕೊಂಡ ಉಪಾಯ. ಕೈಮಗ್ಗದ ಬಟ್ಟೆಗೆ ಬೆಲೆ ಕೊಟ್ಟವರು ಒಂದಂಗುಲವನ್ನೂ ಹಾಳು ಮಾಡ್ತಾ ಇರಲಿಲ್ಲ. ಎರಡೂ ಕಡೆಯ ದರ್ಜಿಗಳು ಅದೇ ಲೆಕ್ಕ ಹಾಕಿದ್ದಾರೆ.

— ಸರಿ, ಈಗ ಗೌನಿನ ಬಟ್ಟೆಗೆ ಬರೋಣ. ಚಿತ್ರದಲ್ಲೆಲ್ಲಾ ಬಿಳಿ, ತೆಳು, ಮೈಗೆ ಅಂಟಿದ ಹಾಗೆ.

— ಮಸ್ಲಿನ್. ಅದರ ಕತೆ ಹೇಳದೆ ಈ ಗೌನಿಗೆ ಕತ್ತರಿ ಹಾಕೋಕೆ ನನಗೆ ಮನಸ್ಸು ಬರೋದಿಲ್ಲ. 1783ರಲ್ಲಿ ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್ ಬಿಳಿ ಮಸ್ಲಿನ್ ಉಡುಪಿನಲ್ಲಿರೋ ಚಿತ್ರವನ್ನು ವಿಜೀ ಲ ಬ್ರಾಂ ಅನ್ನೋ ಕಲಾವಿದೆ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಟ್ಟರು. ರಾಣಿಯನ್ನು ಒಳ ಉಡುಪಿನಲ್ಲಿ ತೋರಿಸಿದ್ದಾರೆ ಅಂತ ಜನ ಗಲಾಟೆ ಮಾಡಿದರು. ಚಿತ್ರವನ್ನು ತೆಗೆದು, ರೇಷ್ಮೆ ಉಡುಪಿನ ಇನ್ನೊಂದು ಚಿತ್ರ ಇಡಬೇಕಾಯಿತು. ಅಲ್ಲಿಂದ ಇಪ್ಪತ್ತು ವರ್ಷ ಕಳೆಯೋದರೊಳಗೆ ಆ ಬಿಳಿ ಬಟ್ಟೆ ಇಂಗ್ಲೆಂಡಿನ ಹಳ್ಳಿಯ ಪಾದ್ರಿಗಳ ಹೆಣ್ಣುಮಕ್ಕಳ ಮೈಮೇಲೂ ಬಂದಿತ್ತು. ಗ್ರೀಕರ ಅಮೃತಶಿಲೆಯ ಮೂರ್ತಿಗಳ ಹಾಗೆ ಕಾಣಬೇಕು ಅನ್ನೋ ಮೋಹ ಬೇರೆ.

— ಆಸ್ಟೆನ್ ಕಾದಂಬರಿಯಲ್ಲೂ ಮಸ್ಲಿನ್ ಮಾತು ಬರುತ್ತೆ ಅಲ್ವಾ?

— ‘ನಾರ್ದ್ಯಾಂಗರ್ ಆ್ಯಬಿ’ಯಲ್ಲಿ, ಅದೂ ಇದೇ ಬಾತ್ ಊರಿನ ನೃತ್ಯಮಂದಿರದಲ್ಲಿ. ಒಬ್ಬ ಹೆಂಗಸು ತನ್ನ ಗೌನಿಗೆ ಗಜಕ್ಕೆ ಎಷ್ಟು ಕೊಟ್ಟೆ ಅಂತ ಹೇಳಿದಾಗ, ಹೆನ್ರಿ ಟಿಲ್ನಿ ಅನ್ನೋ ಯುವಕ ಅದನ್ನು ನೋಡಿ ತನ್ನ ಅಂದಾಜೂ ಅಷ್ಟೇ ಅಂತಾನೆ. ತನ್ನ ತಂಗಿಗೆ ಗಜಕ್ಕೆ ಐದು ಶಿಲಿಂಗಿನಂತೆ ಅಸಲಿ ಇಂಡಿಯಾ ಮಸ್ಲಿನ್ ಕೊಂಡಿದ್ದನ್ನು ಹೆಮ್ಮೆಯಿಂದ ಹೇಳ್ಕೋತಾನೆ. ಅಸಲಿ ಅಂತ ಒತ್ತಿ ಹೇಳಬೇಕಾಗಿತ್ತು ಅಂದರೆ ಆಗಲೇ ಅದರ ನಕಲು ಪೇಟೆಗೆ ಬಂದಿತ್ತು ಅಂತ ಅರ್ಥ. ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ಮಾಡಿದ ನೂಲುವ ಯಂತ್ರದಿಂದ ಇಂಗ್ಲೆಂಡಿನಲ್ಲೇ ನವಿರಾದ ನೂಲು ಬರೋಕೆ ಶುರುವಾಗಿತ್ತು. ಬೋಲ್ಟನ್, ಗ್ಲಾಸ್ಗೋ, ಪೇಯ್ಸ್ಲಿ ಊರುಗಳಲ್ಲಿ ಮಸ್ಲಿನ್ ನೇಯ್ತಾ ಇದ್ದರು.

— ಅಸಲಿ ಅಂದರೆ ಢಾಕಾದ್ದು.

— ಎಲ್ಲಕ್ಕಿಂತ ನವಿರಾದದ್ದು ಢಾಕಾ ಸುತ್ತಲಿನದು. ಮೇಘನಾ ನದಿಯ ದಂಡೆಯಲ್ಲಿ ಬೆಳೀತಿದ್ದ ಫುಟಿ ಕಾರ್ಪಾಸ್ ಅನ್ನೋ ಹತ್ತಿ. ಅದರ ಎಳೆ ಗಿಡ್ಡ, ಯಂತ್ರಕ್ಕೆ ಒಗ್ಗದು. ಬೋವಾಲ್ ಮೀನಿನ ದವಡೆಯ ಹಲ್ಲಿನಿಂದ ಅದನ್ನು ಬಾಚಿ ಕಸ ತೆಗೀತಿದ್ದರು. ನೂಲೋರು ಹೆಣ್ಣುಮಕ್ಕಳು, ಕಣ್ಣು ಚುರುಕಾಗಿರೋ ವಯಸ್ಸಿನವರು. ಗಾಳಿ ಒಣಗಿದರೆ ಎಳೆ ಕಡಿಯುತ್ತೆ ಅಂತ ಬೆಳಗಿನ ಜಾವದ ತೇವದಲ್ಲಿ, ಮತ್ತೆ ಸಂಜೆ ಮುಂದೆ ನೂಲ್ತಿದ್ದರು. ಕೆಲವು ಸಲ ನದಿಯ ತೇವ ಸಿಗಲಿ ಅಂತ ನೀರಿನ ಪಕ್ಕದಲ್ಲೇ ಕೂರ್ತಿದ್ದರು. ಬಾತ್ ಊರಿನ ನೃತ್ಯದಲ್ಲಿ ದೀಪದ ಬೆಳಕಿಗೆ ಹೊಳೆದ ಬಟ್ಟೆಯಲ್ಲಿ ಆ ಹೆಣ್ಣುಮಕ್ಕಳ ಮುಂಜಾವುಗಳಿವೆ.

— ಅದೇ ನನಗೆ ಚುಚ್ಚೋದು ಚಿಕ್ಕಮ್ಮ. ಈಸ್ಟ್ ಇಂಡಿಯಾ ಕಂಪನಿಯವರು ಬಂಗಾಳದ ನೇಕಾರರನ್ನು ಹಿಂಡಿದರು. ಮುಂಗಡ ಕೊಟ್ಟು ಕಟ್ಟಿಹಾಕಿದರು, ಗುಮಾಸ್ತರನ್ನು ಬಿಟ್ಟು ಕಾಯಿಸಿದರು, ಕೊಟ್ಟ ಬೆಲೆಗೆ ಮಾರಿಸಿದರು. ಆಮೇಲೆ ತಮ್ಮ ಗಿರಣಿ ಬಟ್ಟೆಯನ್ನು ನಮ್ಮ ಪೇಟೆಗೇ ತಂದು ಸುರಿದರು. ಆ ಕಾಲದ ಗೌನು ತೊಟ್ಟು ನಾನು ನಗುನಗುತ್ತಾ ಅವರ ಬೀದಿಯಲ್ಲಿ ನಡೆಯೋದು ಸರಿಯಾ?

— ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದೆ. ಇನ್ನೂ ಒಂದು ಸೇರಿಸು. ಆ ಗಿರಣಿಗಳಿಗೆ ಹೋದ ಹತ್ತಿಯ ದೊಡ್ಡ ಪಾಲು ಅಮೆರಿಕದ ತೋಟಗಳಲ್ಲಿ ಗುಲಾಮರು ಬಿಡಿಸಿದ್ದು. 1793ರಲ್ಲಿ ಹತ್ತಿ ಬೀಜ ಬಿಡಿಸೋ ಯಂತ್ರ ಬಂದಮೇಲೆ ಆ ತೋಟಗಳು ಹೆಚ್ಚಾದವು, ಗುಲಾಮರೂ ಹೆಚ್ಚಾದರು. ಅಸಲಿಯಾಗಲಿ ನಕಲಾಗಲಿ, ಆ ಬಿಳಿ ಗೌನಿನಲ್ಲಿ ಅನ್ಯಾಯ ಸೇರಿದೆ. ಅದನ್ನು ನಾನು ಮುಚ್ಚಿಡೋದಿಲ್ಲ.

— ಹಾಗಿದ್ದೂ ನೀವು ಹೊಲೀತೀರಲ್ಲ?

— ಹೊಲೀತೀನಿ, ತೊಡ್ತೀನಿ, ನಡೀತೀನಿ. ಯಾಕೆ ಅಂದರೆ ನಾನು ಹೋಗದೆ ಇದ್ದರೆ ಆ ಬೀದಿಯಲ್ಲಿ ಗೌನು ಇರುತ್ತೆ, ಬಟ್ಟೆಯ ಕತೆ ಇರೋದಿಲ್ಲ. ಜನ ಅದನ್ನು ಬರೀ ಇಂಗ್ಲೆಂಡಿನ ಉಡುಪು ಅಂದ್ಕೋತಾರೆ. ಅಸಲಿ ಇಂಡಿಯಾ ಮಸ್ಲಿನ್ನಿನ ಉಡುಪಿನಲ್ಲಿ ಇಂಗ್ಲೆಂಡಿನದು ಕತ್ತರಿ ಮತ್ತು ಹೊಲಿಗೆ. ನೂಲು, ನೇಯ್ಗೆ, ಹೆಗಲ ಮೇಲಿನ ಕಾಶ್ಮೀರ ಶಾಲು, ಶಾಲಿನ ಬುಟ್ಟಾ, ಇವೆಲ್ಲ ನಮ್ಮ ಕಡೆಯವರ ಕೈಯಿಂದ ಬಂದದ್ದು. ಇದೇ ಕಾಲದ ಕತೆ ಹೇಳೋ ಬ್ರಿಡ್ಜರ್ಟನ್ ಟೀವಿ ಸರಣಿಯ ಎರಡನೇ ಭಾಗದಲ್ಲಿ 2022ರಲ್ಲಿ ಭಾರತದ ಅಕ್ಕತಂಗಿಯರು ಬಂದಾಗ ನಮ್ಮ ಹುಡುಗಿಯರಿಗೆ ಎಷ್ಟು ಖುಷಿಯಾಯಿತು! ನಾವೂ ಆ ಕತೆಯೊಳಗೆ ನಿಲ್ಲಬಹುದು ಅಂತ ಅವರಿಗೆ ಅನಿಸಿತು. ಆದರೆ ನಾವು ಮೊದಲಿನಿಂದಲೂ ಅಲ್ಲಿದ್ದೆವು, ಬಟ್ಟೆಯ ರೂಪದಲ್ಲಿ.

— ನನಗೆ ಇನ್ನೂ ಪೂರ್ತಿ ಸಮಾಧಾನ ಆಗಿಲ್ಲ. ಗೌನು ಬಿಟ್ಟು ಸೀರೆ ಉಟ್ಟು ನಡೆದರೆ?

— ಅದೂ ಸರಿ. ಆಗಿನ ಕಾಲದಲ್ಲಿ ಇಂಗ್ಲೆಂಡಿಗೆ ಬಂದ ಭಾರತದ ಆಯಾಗಳು ಇದ್ದರು. ಸೀರೆ ಉಟ್ಟ ಹೆಂಗಸು ಆ ಚಿತ್ರಕ್ಕೆ ಹೊರಗಿನವಳಲ್ಲ. ನೀನು ಯಾವುದನ್ನೇ ಆರಿಸಿಕೊ, ತಿಳಿದು ಆರಿಸಿಕೊ. ಸಮಾಧಾನ ಪೂರ್ತಿ ಆಗದೆ ಇದ್ದರೂ ಪರವಾಗಿಲ್ಲ. ಆ ಚುಚ್ಚು ಇದ್ದರೆ ಹೊಲಿಗೆ ಜಾಗ್ರತೆಯಾಗಿ ಬರುತ್ತೆ.

— ಸೀರೆ ಅಂದ ಮೇಲೆ ಇನ್ನೊಂದು ಕೇಳ್ತೀನಿ. ಅಜ್ಜಿಯ ಬಿಳಿ ಸೀರೆ ಒಂದು ನನ್ನ ಹತ್ತಿರ ಇದೆ. ಐದೂವರೆ ಮೀಟರ್ ಬಟ್ಟೆ, ಅಂಚೂ ಇದೆ. ಅದನ್ನೇ ಗೌನು ಮಾಡಬಹುದಲ್ಲ? ಅಂಚು ಕೆಳಗೆ ಬರೋ ಹಾಗೆ ಇಟ್ಟರೆ ಚೆನ್ನಾಗಿರುತ್ತೆ.

— ಸೀರೆಯಿಂದ ಗೌನು ಹೊಲಿಯೋದನ್ನು ಇಲ್ಲಿ ಬಹಳ ಜನ ಮಾಡ್ತಾರೆ. ಅಂಚು ಕೆಳಗೆ ಬಂದರೆ ಹೆಮ್ಮಿಂಗ್ ಕೆಲಸವೂ ಇಲ್ಲ. ಕಸೂತಿ ಅಂಚನ್ನು ಕೆಳಗೆ ಇಟ್ಟ ಇಂಡಿಯಾ ಮಸ್ಲಿನ್ ಗೌನುಗಳು ವಸ್ತುಸಂಗ್ರಹಾಲಯಗಳಲ್ಲೂ ಇವೆ. ಆದರೆ ಅಜ್ಜಿಯ ಸೀರೆಗೆ ಕತ್ತರಿ ಬೇಡ. ಹಳೆಯ ಬಟ್ಟೆಯ ವಿಷಯದಲ್ಲಿ ನಾನು ಒಂದು ನಿಯಮ ಇಟ್ಕೊಂಡಿದ್ದೀನಿ: ಹಳೆಯದನ್ನು ನೋಡಿ ಕಲಿ, ಹೊಸದನ್ನು ಕತ್ತರಿಸು. ಹಳೆಯ ಬಟ್ಟೆಯ ಮಡಿಕೆಯಲ್ಲಿ, ಸವೆದ ಜಾಗದಲ್ಲಿ, ತೇಪೆಯಲ್ಲಿ ಅದನ್ನು ಉಟ್ಟವರ ಬದುಕು ಇರುತ್ತೆ. ಒಂದು ಸಲ ಕತ್ತರಿಸಿದರೆ ಅದನ್ನು ಓದೋಕೆ ಆಗೋದಿಲ್ಲ. ಬಂಗಾಳದಲ್ಲಿ ಈಗಲೂ ಕೈಮಗ್ಗದಲ್ಲಿ ಚಿತ್ತಾರದ ಮಸ್ಲಿನ್, ಅಂದರೆ ಜಾಮ್‌ದಾನಿ ನೇಯ್ತಾರೆ. ಢಾಕಾ ಕಡೆಯ ಜಾಮ್‌ದಾನಿ ನೇಯ್ಗೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅಂಥ ಹೊಸ ಬಟ್ಟೆ ತಗೊ. ಅಷ್ಟು ಖರ್ಚು ಬೇಡ ಅಂದರೆ ನಮ್ಮ ಅಂಗಡಿಗಳಲ್ಲಿ ಸಿಗೋ ಒಳ್ಳೆ ಮಲ್ ಬಟ್ಟೆಯೇ ಸಾಕು, ಮೈಮೇಲೆ ಚೆನ್ನಾಗಿ ಬೀಳುತ್ತೆ.

— ಕಟಿಂಗ್ ಹೇಗೆ? ನನಗೆ ಬ್ಲೌಸ್ ಕತ್ತರಿಸೋಕೆ ಬರುತ್ತೆ.

— ಬ್ಲೌಸ್ ಬರುತ್ತೆ ಅಂದರೆ ಅರ್ಧ ಕೆಲಸ ಬಂತು. ಆದರೆ ಕೆಲವನ್ನು ಮರೀಬೇಕು. ನಮ್ಮ ಬ್ಲೌಸಿಗೆ ಭುಜದ ಹೊಲಿಗೆ ಭುಜದ ಮೇಲೇ ಇರುತ್ತೆ. ಈ ಗೌನಿನಲ್ಲಿ ಅದು ಹಿಂದಕ್ಕೆ ಜಾರಿ ಬೆನ್ನಿನ ಮೇಲೆ ಬರುತ್ತೆ. ಪಕ್ಕದ ಹೊಲಿಗೆಯೂ ಕಂಕುಳ ಕೆಳಗೆ ಇರೋದಿಲ್ಲ. ತೋಳಿನ ಹಿಂಭಾಗದಿಂದ ಬಾಗಿ ಬೆನ್ನಿನ ನಡುವಿನ ಕಡೆ ಇಳಿಯುತ್ತೆ. ಹೀಗಾಗಿ ಬೆನ್ನಿನ ನಡುವಿನ ತುಂಡು ಅಂಗೈಯಷ್ಟೇ ಅಗಲ, ಕೆಳಗೆ ಇನ್ನೂ ಕಿರಿದು. ಆ ಸಣ್ಣ ತುಂಡು ಹೆಗಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತೆ, ಎದೆ ಮುಂದೆ ಬರುತ್ತೆ. ತೋಳಿನ ಕುಳಿ ಕಂಕುಳಿಗೆ ಹತ್ತಿ ಕೂತಿರಬೇಕು. ಮೊದಲು ಬಿಗಿ ಅನಿಸಿದರೂ ಕೈ ಎತ್ತಿದಾಗ ಗೌನು ಮೇಲೇಳದೆ ಇರೋದು ಅದರಿಂದಲೇ. ಒಳ್ಳೆ ಬ್ಲೌಸ್ ದರ್ಜಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

— ಈ ಅಳತೆಗಳೆಲ್ಲ ಎಲ್ಲಿ ಸಿಗುತ್ತೆ?

— ಜ್ಯಾನೆಟ್ ಆರ್ನಲ್ಡ್ ಅವರ ‘ಪ್ಯಾಟರ್ನ್ಸ್ ಆಫ್ ಫ್ಯಾಶನ್’ ಪುಸ್ತಕದಲ್ಲಿ. ನೀನು ಓದೋ ಬ್ರಿಸ್ಟಲ್ ಊರಿನಲ್ಲೇ 1932ರಲ್ಲಿ ಹುಟ್ಟಿದವರು. ಸಂಗ್ರಹಾಲಯಗಳಿಗೆ ಹೋಗಿ ಉಳಿದಿದ್ದ ಒಂದೊಂದು ಉಡುಪನ್ನೂ ಅಳೆದು, ಒಳಗಿನ ಹೊಲಿಗೆ, ಲೈನಿಂಗಿನ ಜೋಡಣೆ, ತೇಪೆ ಎಲ್ಲವನ್ನೂ ಗುರುತು ಹಾಕಿಕೊಂಡು, ಚೌಕದ ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದರು. ಮೊದಲ ಪುಸ್ತಕ 1964ರಲ್ಲಿ ಬಂತು. ಇವತ್ತು ಜಗತ್ತಿನಲ್ಲಿ ಯಾರೇ ಹಳೆಯ ಗೌನು ಹೊಲಿಯಲಿ, ನಾಟಕಕ್ಕಾಗಲಿ ಸಿನಿಮಾಕ್ಕಾಗಲಿ ಮೆರವಣಿಗೆಗಾಗಲಿ, ಆಕೆಯ ಋಣ ಇದ್ದೇ ಇರುತ್ತೆ. ಆ ಚಿತ್ರವನ್ನು ದೊಡ್ಡದು ಮಾಡಿಕೊಂಡು ಮೊದಲು ಹಳೆ ಬೆಡ್‌ಶೀಟಿನಲ್ಲಿ ಕಚ್ಚಾ ಹೊಲಿಗೆ ಹಾಕಿ ಮೈಮೇಲೆ ಇಟ್ಟು ನೋಡು. ಸರಿಹೋದ ಮೇಲೆ ಒಳ್ಳೆ ಬಟ್ಟೆಗೆ ಕತ್ತರಿ.

— ಗುಂಡಿ ಎಲ್ಲಿ ಬರುತ್ತೆ? ಜಿಪ್ ಅಂತೂ ಇರಲಿಲ್ಲ ಅಂತ ಗೊತ್ತು.

— ಮುಂದೆ ತೆರೆಯೋ ಗೌನು ನಿನಗೆ ಅನುಕೂಲ. ಲಂಗದ ಮುಂಭಾಗದ ಎರಡು ಪಕ್ಕದಲ್ಲಿ ಸೀಳು ಇರುತ್ತೆ. ಆ ಭಾಗ ಏಪ್ರನ್ ಹಾಗೆ ಕೆಳಗೆ ಬೀಳುತ್ತೆ, ಅದರ ಲಾಡಿಯನ್ನು ಹಿಂದಿನಿಂದ ಸುತ್ತಿ ತಂದು ಕಟ್ಟಬೇಕು. ಎದೆಯ ಮುಂದಿನ ತುಂಡನ್ನು ಮೇಲೆ ಎತ್ತಿ ಎರಡೂ ಹೆಗಲ ಹತ್ತಿರ ಪಿನ್ ಹಾಕಬೇಕು. ಕೆಲಸದವರ ನೆರವಿಲ್ಲದೆ ತೊಡಬಹುದು. ಪಿನ್ ಅಂದರೆ ನೇರ ಗುಂಡುಪಿನ್ನು. ನಾವು ಸೆರಗಿಗೆ ಹಾಕೋ ಸೇಫ್ಟಿ ಪಿನ್ನಿಗೆ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ, ಆಸ್ಟೆನ್ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಹಗಲಿನ ಮೆರವಣಿಗೆ ಆದ್ದರಿಂದ ಉದ್ದ ತೋಳು ಇಡೋಣ. ಕುತ್ತಿಗೆ ಭಾಗ ತುಂಬೋ ಹಾಗೆ ಒಳಗೆ ತೆಳು ಬಟ್ಟೆಯ ಶೆಮಿಜೆಟ್, ತಲೆಗೆ ಬಾನೆಟ್. ಗಿಡ್ಡ ತೋಳು, ಅಗಲ ಕುತ್ತಿಗೆ ಸಂಜೆಯ ನೃತ್ಯಕ್ಕೆ.

— ಹೊಲಿಗೆ ಯಂತ್ರ ಬಳಸಬಹುದಾ? ಅದೂ ಆಮೇಲೆ ಬಂದದ್ದಲ್ವಾ?

— ಇಲಿಯಾಸ್ ಹೋವ್‌ಗೆ ಹೊಲಿಗೆ ಯಂತ್ರದ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ, ಸಿಂಗರ್ ಬಂದದ್ದು 1851ರಲ್ಲಿ. ಆಸ್ಟೆನ್ ಕಾಲದ ಪ್ರತಿಯೊಂದು ಹೊಲಿಗೆಯೂ ಕೈಯದು. ಒಳಗಿನ ಉದ್ದ ಹೊಲಿಗೆಗಳಿಗೆ ಯಂತ್ರ ಬಳಸಿದರೆ ನಾನು ಬೇಡ ಅನ್ನೋದಿಲ್ಲ. ಹೊರಗೆ ಕಾಣೋ ಅಂಚು, ಲಂಗದ ನೆರಿಗೆ ಮಾತ್ರ ಕೈಯಲ್ಲೇ ಮಾಡು. ಆ ನೆರಿಗೆಯನ್ನು ತೋರಿಸ್ತೀನಿ ಬಾ. ಈ ತುಂಡು ಹಿಡಿ. ಬಟ್ಟೆಯ ಹಸಿ ಅಂಚನ್ನು ಎಡಗೈ ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಉರುಳಿಸು. ಬೆರಳು ಸ್ವಲ್ಪ ಒದ್ದೆ ಇರಲಿ. ಅಂಚು ಸುತ್ತಿಕೊಂಡು ದಾರದಷ್ಟು ತೆಳು ಸುರುಳಿ ಆಗುತ್ತೆ.

— ಜಾರುತ್ತೆ.

— ಜಾರುತ್ತೆ, ನಿಧಾನ. ಈಗ ಜೇನುಮೇಣ ಹಚ್ಚಿದ ದಾರ. ಸೂಜಿಯನ್ನು ಸುರುಳಿಯ ಕೆಳಗಿಂದ ಚುಚ್ಚಿ ಮೇಲಿಂದ ಸುತ್ತಿ ತಾ. ಸುರುಳಿಯನ್ನು ಚುಚ್ಚಬೇಡ, ಸುತ್ತು. ಒಂದೇ ಸಮ ಅಂತರ. ಇಷ್ಟು ದೂರ ಬಂದಮೇಲೆ ದಾರ ಎಳಿ, ಮೆಲ್ಲಗೆ.

— ಅಯ್ಯೋ, ಎಷ್ಟು ಚೆಂದ ಸೇರಿಕೊಳ್ಳುತ್ತೆ! ಒಂದೊಂದು ನೆರಿಗೆಯೂ ಬೇರೆ ಬೇರೆ ಕಾಣ್ತಿದೆ.

— ಇಷ್ಟು ಮೆತ್ತಗಿನ ಬಟ್ಟೆಗೆ ಮಾತ್ರ ಹೀಗೆ ಬರುತ್ತೆ. ಈ ಒಂದೊಂದು ನೆರಿಗೆಯನ್ನೂ ಪಟ್ಟಿಗೆ ಒಂದೊಂದು ಹೊಲಿಗೆಯಿಂದ ಹಿಡಿಸಬೇಕು. ಲಂಗದ ಮುಂಭಾಗ ಸಪಾಟು, ಅಗಲವೆಲ್ಲ ಬೆನ್ನಿನ ನಡುವೆ ನಾಲ್ಕೈದು ಇಂಚಿನೊಳಗೆ ಬಂದು ಸೇರುತ್ತೆ. ನಡೆಯುವಾಗ ಹಿಂದೆ ಬಟ್ಟೆ ನೀರಿನ ಹಾಗೆ ಇಳಿಯುತ್ತಲ್ಲ, ಅದು ಈ ನೆರಿಗೆಯಿಂದ. ಮಷೀನಿನ ನೆರಿಗೆ ಅಲ್ಲಿ ದಪ್ಪಗೆ ಉಬ್ಬಿ ನಿಲ್ಲುತ್ತೆ.

— ಇದನ್ನೆಲ್ಲ ಅವರು ಮನೆಯಲ್ಲೇ ಮಾಡ್ತಿದ್ದರಾ?

— ಒಳ ಉಡುಪು, ಅಂಗಿ, ಮಕ್ಕಳ ಬಟ್ಟೆ ಮನೆಯಲ್ಲಿ. ಗೌನಿನ ಕಟಿಂಗ್ ಹೆಚ್ಚಾಗಿ ಹೊಲಿಯೋ ಹೆಂಗಸರ ಹತ್ತಿರ. ಅವರನ್ನು ಮ್ಯಾಂಟುವಾ ಮೇಕರ್ ಅಂತಿದ್ದರು. ಆಸ್ಟೆನ್ ಸೊಗಸಾಗಿ ಕಸೂತಿ ಹಾಕ್ತಿದ್ದರು ಅಂತ ಅವರ ಅಣ್ಣನ ಮಗ ಬರೆದಿದ್ದಾರೆ. ಆದರೂ 1798ರ ಕ್ರಿಸ್‌ಮಸ್ ಹೊತ್ತಿಗೆ ಅಕ್ಕನಿಗೆ ಬರೆದ ಪತ್ರದಲ್ಲಿ, ಹೊಸ ಗೌನಿನ ವಿಷಯ ತೀರ್ಮಾನ ಮಾಡೋಕೆ ಆಗ್ತಾ ಇಲ್ಲ, ಇವು ಸಿದ್ಧವಾಗೇ ಸಿಗೋ ಹಾಗಿದ್ದರೆ ಚೆನ್ನಾಗಿತ್ತು ಅಂತ ಹೇಳಿಕೊಂಡಿದ್ದಾರೆ. ಅವರದೆಂದು ಮನೆತನದವರು ಕಾಪಾಡಿಕೊಂಡು ಬಂದ ರೇಷ್ಮೆಯ ಒಂದು ನಿಲುವಂಗಿ ಹ್ಯಾಂಪ್‌ಶೈರಿನ ಸಂಗ್ರಹದಲ್ಲಿದೆ. 1812–14ರ ಸುಮಾರಿನದು. ಕಂದು ಬಣ್ಣ, ಓಕ್ ಎಲೆಯ ಚಿತ್ತಾರ. ಹಿಲರಿ ಡೇವಿಡ್‌ಸನ್ ಅನ್ನೋ ವಿದ್ವಾಂಸೆ ಅದರ ಅಳತೆ ತೆಗೆದು ಅಂಥದ್ದೇ ಇನ್ನೊಂದನ್ನು ಹೊಲಿದರು. ಅದನ್ನು ತೊಟ್ಟವರು ತೆಳ್ಳಗೆ, 5 ಅಡಿ 6 ಇಂಚಿನಿಂದ 5 ಅಡಿ 8 ಇಂಚು ಎತ್ತರ ಇದ್ದಿರಬೇಕು ಅಂತ ತಿಳಿದುಬಂತು. ಆ ಕಾಲದ ಹೆಂಗಸರಲ್ಲಿ ಎತ್ತರದವರೇ. ಅವರ ನಿಲುವಿನ ಬಗ್ಗೆ ಒಂದು ಬಟ್ಟೆ ಇಷ್ಟು ನೇರವಾಗಿ ಹೇಳುತ್ತೆ ನೋಡು.

— ಹೊಲಿಯೋ ಹೆಂಗಸರಿಗೆ ಚೆನ್ನಾಗಿ ಹಣ ಸಿಗ್ತಿತ್ತಾ?

— ಇಲ್ಲ. ನೃತ್ಯದ ಋತು ಬಂದರೆ ರಾತ್ರಿಯೆಲ್ಲಾ ಮೇಣದ ಬತ್ತಿಯ ಬೆಳಕಿನಲ್ಲಿ ದುಡಿಮೆ, ಕೂಲಿ ಚಿಕ್ಕದು, ಕಣ್ಣು ಬೇಗ ಹೋಗ್ತಿತ್ತು. ಬಟ್ಟೆಗೆ ಕೊಟ್ಟ ಹಣಕ್ಕೆ ಹೋಲಿಸಿದರೆ ಹೊಲಿಗೆಯ ಕೂಲಿ ಏನೇನೂ ಅಲ್ಲ. ನೂಲಿದವರು ಬಂಗಾಳದಲ್ಲಿ, ಹೊಲಿದವರು ಲಂಡನ್ನಿನಲ್ಲಿ, ಇಬ್ಬರೂ ಹೆಂಗಸರು, ಇಬ್ಬರಿಗೂ ಹೆಸರಿಲ್ಲ. ಹೆಸರು ಉಳಿದದ್ದು ತೊಟ್ಟವರದ್ದು.

— ಮೆರವಣಿಗೆಯಲ್ಲಿ ಯಾರಾದರೂ ಗೌನು ಚೆನ್ನಾಗಿದೆ ಅಂದರೆ ಇದನ್ನೆಲ್ಲ ಹೇಳ್ತೀರಾ?

— ಹೇಳ್ತೀನಿ. ಅಲ್ಲಿ ಬರೋರಿಗೆ ಬಟ್ಟೆ ಅಂದರೆ ಪ್ರೀತಿ. ನಿಂತು ಹೊಲಿಗೆ ನೋಡ್ತಾರೆ, ಅಂಚು ತಿರುಗಿಸಿ ನೋಡ್ತಾರೆ, ಪ್ರಶ್ನೆ ಕೇಳ್ತಾರೆ. ಫುಟಿ ಕಾರ್ಪಾಸ್ ಬಗ್ಗೆ, ನದಿಯ ದಂಡೆಯಲ್ಲಿ ನೂಲಿದವರ ಬಗ್ಗೆ ಹೇಳಿದರೆ ಮನಸ್ಸಿಟ್ಟು ಕೇಳ್ತಾರೆ. ಹಳೆಯ ಕಾಲದ ಉಡುಪು ಹೊಲಿಯೋರ ಮೇಲೆ ಒಂದು ಜವಾಬ್ದಾರಿ ಇದೆ ಅಂತ ನಾನು ನಂಬ್ತೀನಿ: ಚೆಂದ ತೋರಿಸುವಾಗ ದುಡಿಮೆಯನ್ನು ಮರೆಸಬಾರದು. ಗೌನು ಅಷ್ಟು ಚೆಂದ ಕಾಣೋದೇ ಅಷ್ಟು ಕೈಗಳು ಅಷ್ಟು ಜಾಗ್ರತೆಯಿಂದ ಕೆಲಸ ಮಾಡಿದ್ದರಿಂದ.

— ಹಾಗಾದ್ರೆ ನಾನು ಗೌನೇ ಹೊಲೀತೀನಿ ಚಿಕ್ಕಮ್ಮ. ಜಾಮ್‌ದಾನಿಯೇ ತರಿಸೋಣ, ಖರ್ಚಾದರೂ ಸರಿ. ಮೊದಲು ಶಿಫ್ಟ್, ಆಮೇಲೆ ಸ್ಟೇಸ್, ನೀವು ಹೇಳಿದ ಕ್ರಮದಲ್ಲೇ. ಬಟ್ಟೆ ಆರ್ಡರ್ ಮಾಡುವಾಗ ಒಂದು ವಿಷಯ ಮಾತ್ರ ಬಿಡದೆ ಕೇಳ್ತೀನಿ: ಇದನ್ನು ನೇಯ್ದವರ ಹೆಸರೇನು, ನಾನು ಕೊಡೋ ದುಡ್ಡಿನಲ್ಲಿ ಅವರಿಗೆ ಎಷ್ಟು ಸೇರುತ್ತೆ ಅಂತ.